ಐದು ಬೈ ಹದಿನೇಳು

ಲಷ್ಕರ್ ಮೊಹಲ್ಲಾ, ಮೈಸೂರು
27 ಆಗಸ್ಟ್ 2001

ನಾಗೇಂದ್ರ,

ನಿನ್ನ ಹೆಸರಿಗೆ ಮುಂಚೆ ಬರಬೇಕಿದ್ದ ‘ಪ್ರಿಯ’ ಸದ್ಯಕ್ಕೆ ಅಮಾನತಿನಲ್ಲಿದೆ. ವಿಚಾರಣೆ ಮುಗಿದ ಮೇಲೆ ಮರುನೇಮಕದ ಬಗ್ಗೆ ಯೋಚಿಸೋಣ. ಸಾಂಖ್ಯಿಕ ಇಲಾಖೆಯವನಿಗೆ ಇಲಾಖೆಯ ಭಾಷೆಯಲ್ಲೇ ಹೇಳಿದರೆ ಬೇಗ ತಲೆಗೆ ಹೋದೀತು ಎಂದು ಹೀಗೆ ಬರೆದೆ. ಫೋನ್ ಮಾಡಬಹುದಿತ್ತು. ಆದರೆ ಜಗಳಕ್ಕೆ ಎಸ್‌ಟಿಡಿ ದರ ತೆರುವಷ್ಟು ನನ್ನ ಟ್ಯೂಷನ್ ಬೆಳೆದಿಲ್ಲ.

ಮೊನ್ನೆ ಶ್ರೀರಾಂಪುರದ ಗಣೇಶನ ಪೆಂಡಾಲಿನಲ್ಲಿ ನನ್ನ ಭಿನ್ನಾವಧಾನ ಇತ್ತು. ಜನ ಯಾವುದಾದರೂ ಭಿನ್ನರಾಶಿ ಕೂಗುವುದು. ನಾನು ಕ್ಯಾಲ್ಕ್ಯುಲೇಟರ್ ಮುಟ್ಟದೆ ಅದರ ದಶಮಾಂಶ, ಶೇಕಡಾ ಎರಡನ್ನೂ ಹೇಳುವುದು. ಪಕ್ಕದ ಕುರ್ಚಿಯಲ್ಲಿ ನೀನು ಕ್ಯಾಲ್ಕ್ಯುಲೇಟರ್ ಒತ್ತಿ, ಸರಿ ಇದ್ದರೆ ಗಂಟೆ ಹೊಡೆಯುವುದು. ಎಂಬತ್ತಾರರಿಂದ ಪ್ರತಿ ಹಬ್ಬಕ್ಕೂ ನಡೆದ ಈ ಸಂಗತಿಯನ್ನು ನಿನಗೇ ತಿರುಗಿ ಹೇಳುತ್ತಿದ್ದೇನೆ, ಏಕೆಂದರೆ ಇದು ಆರೋಪಪಟ್ಟಿ. ಆರೋಪಪಟ್ಟಿಯಲ್ಲಿ ಎಲ್ಲರಿಗೂ ಗೊತ್ತಿರುವುದನ್ನೇ ಮೊದಲು ಬರೆಯುವ ಪದ್ಧತಿ.

ಈ ಸಲ ನಿನ್ನನ್ನು ಇಲಾಖೆ ರಾಯಚೂರಿಗೆ ಎಸೆದಿರುವುದರಿಂದ ನಿನ್ನ ಕುರ್ಚಿಗೆ ಸುಷ್ಮಾ ಎಂಬ ಬ್ಯಾಂಕಿನ ಹೆಣ್ಣುಮಗಳನ್ನು ಕೂರಿಸಿದ್ದರು. ಮೂರು ಬೈ ಎಂಟು ಬಂತು: ಸೊನ್ನೆ ಬಿಂದು ಮೂರು ಏಳು ಐದು, ಶೇಕಡಾ ಮೂವತ್ತೇಳೂವರೆ. ಗಂಟೆ. ಎರಡು ಬೈ ಏಳು ಬಂತು. ಗಂಟೆ. ಆಮೇಲೆ ಬಡಾವಣೆ ಸಂಘದ ಅಧ್ಯಕ್ಷ ಕೃಷ್ಣಸ್ವಾಮಿ ಎದ್ದು, ‘ಐದು ಬೈ ಹದಿನೇಳು’ ಎಂದರು. ಹದಿನೇಳು ನನ್ನ ಬ್ರಹ್ಮಾಸ್ತ್ರ ಅಂತ ನಿನಗೆ ಗೊತ್ತಲ್ಲ. ಕಣ್ಣು ಮುಚ್ಚಿ, ತೊಡೆ ತಟ್ಟಿ, ರಾಗವಾಗಿ ಬಿಟ್ಟೆ. ಸೊನ್ನೆ ಬಿಂದು ಎರಡು ಒಂಬತ್ತು ಒಂದು ನಾಲ್ಕು ಒಂದು ಏಳು… ಶೇಕಡಾ ಇಪ್ಪತ್ತೊಂಬತ್ತು ಬಿಂದು ಒಂದು ನಾಲ್ಕು!

ಗಂಟೆ ಇಲ್ಲ.

‘ಹೊಡೀರಿ ಮೇಡಂ,’ ಅಂದೆ.
‘ಸರಿ ಇದ್ದಿದ್ರೆ ಹೊಡೀತಿದ್ದೆ ಸರ್.’
‘ಬ್ಯಾಟರಿ ವೀಕಾಗಿರ್ಬೇಕು, ನೋಡ್ಕೊಳ್ಳಿ.’
‘ಇದು ಸೋಲಾರ್ ಸರ್. ಇಪ್ಪತ್ತೊಂಬತ್ತು ಬಿಂದು ನಾಲ್ಕು ಒಂದು ತೋರಿಸ್ತಿದೆ.’

ಪೆಂಡಾಲಿನಲ್ಲಿ ಯಾರೋ ನಕ್ಕರು. ಒಬ್ಬರು ನಕ್ಕರೆ ನಗು ಪೂರ್ಣಾಂಕ. ಆಮೇಲೆ ಅದು ಆವರ್ತವಾಯಿತು, ನಿಲ್ಲಲೇ ಇಲ್ಲ. ಕೃಷ್ಣಸ್ವಾಮಿಯವರು, ‘ಬುಡಿ ಬುಡಿ, ಹಬ್ಬದಲ್ಲಿ ಇವೆಲ್ಲ ಆಗೋದೇ ಕಣ್ರೀ’ ಎಂದು ನನ್ನ ಹೆಗಲಿಗೆ ಶಾಲು ಹೊದಿಸಿಬಿಟ್ಟರು. ಸೋತವನಿಗೆ ಹೊದಿಸುವ ಶಾಲು ಎಷ್ಟು ಚುಚ್ಚುತ್ತೆ ಗೊತ್ತೇನೋ?

ಇದೇ ಐದು ಬೈ ಹದಿನೇಳಕ್ಕೆ ನೀನು ಗಂಟೆ ಹೊಡೆದಿದ್ದೀಯ. ಒಂದೆರಡು ಸಲವಲ್ಲ. ಹಾಗಾಗಿ ಆ ಹೆಣ್ಣುಮಗಳ ಮೆಷಿನ್ ಕೆಟ್ಟಿದೆ ಎಂದು ನಿನ್ನ ಕೈಯಲ್ಲಿ ಎರಡು ಸಾಲು ಬರೆದು, ಸಹಿ ಮಾಡಿ ಕಳಿಸು. ಸರ್ಕಾರಿ ಸಂಖ್ಯಾಧಿಕಾರಿಯ ಸಹಿ ನೋಡಿದರೆ ಶ್ರೀರಾಂಪುರ ತೆಪ್ಪಗಾಗುತ್ತದೆ.

ಇಂತಿ,
ತಡವಾಗದೆ ಉತ್ತರ ಬಯಸುವ
ಮೃತ್ಯುಂಜಯ


ರಾಯಚೂರು
8 ಸೆಪ್ಟೆಂಬರ್ 2001

ಮಾನ್ಯ ಭಿನ್ನಾವಧಾನಿಗಳೇ,

ನಿಮ್ಮ ಆರೋಪಪಟ್ಟಿ ತಲುಪಿತು. ಇಲ್ಲಿ ಸೋಲಾರ್ ಕ್ಯಾಲ್ಕ್ಯುಲೇಟರಿಗೆ ಎಷ್ಟು ಬಿಸಿಲು ಸಿಗುತ್ತೆ ಅಂದರೆ ಕೇಳದ ಲೆಕ್ಕಗಳನ್ನೂ ಮಾಡಿ ಹಾಕುತ್ತೆ. ನಮ್ಮ ಕಚೇರಿಯ ಫ್ಯಾನು ಮಾತ್ರ ದಶಮಾಂಶದ ವೇಗದಲ್ಲಿ ತಿರುಗುತ್ತದೆ. ಮೈಸೂರಿನಿಂದ ಬಂದವನು ಅಂತ ಜೋಳದ ರೊಟ್ಟಿ ಬಡಿಸಿ, ನಾನು ಕಡಿಯೋದನ್ನ ಸುತ್ತ ಕೂತು ನೋಡ್ತಾರೆ.

ಹದಿನೇಳರ ವಿಷಯ. ನೋಡು, ಜನ ಕೇಳೋದು ಒಂದು ಬೈ ಹದಿನೇಳು. ನೀನು ಒಂದೇ ಉಸಿರಿನಲ್ಲಿ ಹದಿನಾರು ಅಂಕಿ ಹಾಡೋದು ಕೇಳಿ ಚಪ್ಪಾಳೆ ಹೊಡೆಯೋದು. ನನ್ನ ಮೆಷಿನ್ನಿನಲ್ಲಿ ಬಿಂದುವಿನಾಚೆ ಕಾಣೋದು ಏಳೇ ಸ್ಥಾನ. ಸೊನ್ನೆ ಐದು ಎಂಟು ಎಂಟು ಎರಡು ಮೂರು ಐದು. ಅಲ್ಲಿಗೆ ಕ್ಯಾಲ್ಕ್ಯುಲೇಟರ್ ಮುಗೀತು, ಮಿಕ್ಕಿದ್ದೆಲ್ಲ ನಂಬಿಕೆ. ಈ ಕಾಲದಲ್ಲಿ ಹದಿನೇಳು ಯಾರಿಗೆ ಬೇಕು ಮಾರಾಯ? ಮುಂದಿನ ವರ್ಷದಿಂದ ಹದಿಮೂರಕ್ಕೇ ನಿಲ್ಲಿಸಿಬುಡು. ಹದಿಮೂರು ಮುದ್ದಾಗಿದೆ.

ಸಹಿ ಹಾಕಬೇಕಾದರೆ ನಮ್ಮಲ್ಲಿ ಮೇಲಿನವರ ಅನುಮತಿ ಬೇಕು. ಅತ್ತಿಗೆಗೆ ನಮಸ್ಕಾರ ಹೇಳು.

ಇಂತಿ,
ಬಿಸಿಲಿಗೆ ಕರಗಿ ಭಿನ್ನರಾಶಿಯಾಗಿರುವ
ನಾಗೇಂದ್ರ


ಲಷ್ಕರ್ ಮೊಹಲ್ಲಾ
24 ಸೆಪ್ಟೆಂಬರ್ 2001

ನಾಗೇಂದ್ರ,

ನಿನ್ನ ಕಾಗದದಲ್ಲಿ ರೊಟ್ಟಿ ಇದೆ, ಫ್ಯಾನಿದೆ, ಬಿಸಿಲಿದೆ. ಉತ್ತರವೊಂದಿಲ್ಲ. ಹದಿನೇಳನ್ನು ಬಿಡು ಎಂದಿದ್ದೀಯ. ಕೆಟ್ಟಿರುವುದು ಸುಷ್ಮಾಳ ಮೆಷಿನ್ ಆಗಿದ್ದರೆ ನಾನೇಕೆ ಹದಿನೇಳನ್ನು ಬಿಡಬೇಕು? ಈ ಪ್ರಶ್ನೆ ತಲೆಗೆ ಬಂದ ಕೂಡಲೇ ಟ್ಯೂಷನ್ ರೂಮಿನ ಬೋರ್ಡಿನ ಮೇಲೆ, ಮಕ್ಕಳು ಬರುವ ಮುಂಚೆ, ಭಾಗಿಸಿದೆ. ಕೈಯಿಂದ, ಸೀಮೆಸುಣ್ಣದಿಂದ, ನಾನೇ ಪಾಠ ಹೇಳುವ ರೀತಿಯಲ್ಲಿ.

ಐವತ್ತರಲ್ಲಿ ಹದಿನೇಳು ಎರಡು ಸಲ, ಶೇಷ ಹದಿನಾರು. ಸೊನ್ನೆ ಇಳಿಸಿದರೆ ನೂರ ಅರವತ್ತು. ಒಂಬತ್ತು ಸಲ, ಶೇಷ ಏಳು. ಎಪ್ಪತ್ತು, ನಾಲ್ಕು ಸಲ.

ನಾಲ್ಕು ಕಣೋ. ಒಂದಲ್ಲ. ಒಂದು ಬರುವುದು ಅದರ ಹಿಂದೆ, ಅದೂ ಜೋಡಿಯಾಗಿ: ಎರಡು ಒಂಬತ್ತು ನಾಲ್ಕು ಒಂದು ಒಂದು ಏಳು.

ಎಲ್ಲಿ ತಪ್ಪಿದ್ದು ಎಂದೂ ಹೊಳೆಯಿತು. ಕಾಲೇಜಿನಲ್ಲಿದ್ದಾಗ ಹದಿನೇಳರ ಹದಿನಾರು ಅಂಕಿ ಆದಿತಾಳದ ಎರಡು ಆವರ್ತಕ್ಕೆ ಸರಿಯಾಗಿ ಕೂರುತ್ತದೆಂದು ಕಂಡು ಕುಣಿದಾಡಿದ್ದೆನಲ್ಲ. ಆವರ್ತ ದಶಮಾಂಶಕ್ಕೆ ತಾಳದ ಆವರ್ತ! ‘ಎಂಟು ಎಂಟು’ ನಾಲಗೆಯ ಮೇಲೆ ಕುಣಿಯಿತು. ‘ಒಂದು ಒಂದು’ ಮುಗ್ಗರಿಸಿತು. ನಡುವೆ ನಾಲ್ಕನ್ನು ತೂರಿಸಿದರೆ ಒಂದು-ನಾಲ್ಕು-ಒಂದು-ಏಳು, ಉಯ್ಯಾಲೆಯ ಹಾಗೆ. ರಾಗ ಚೆನ್ನಾಯಿತು, ಲೆಕ್ಕ ಕೆಟ್ಟಿತು. ಯಾವುದನ್ನು ಹದಿನೇಳರಿಂದ ಭಾಗಿಸಿದರೂ ಸುತ್ತುವುದು ಅದೇ ಹದಿನಾರು ಅಂಕಿ, ಶುರುವಾಗುವ ಜಾಗವಷ್ಟೇ ಬೇರೆ. ಆಮೇಲೆ ನಾನು ಹದಿನೇಳನ್ನು ಭಾಗಿಸಲೇ ಇಲ್ಲ, ಹಾಡಿದೆ. ಇಪ್ಪತ್ತೊಂಬತ್ತೂ ಚಿಲ್ಲರೆ ಸರಿಯೇ ಇದ್ದುದರಿಂದ ಅಂದಾಜಿಗೂ ಅನುಮಾನ ಬರಲಿಲ್ಲ.

ಸರಿ. ರಾಗ ನನ್ನದು, ತಪ್ಪೂ ನನ್ನದು. ಗಂಟೆ ಯಾರದು?

ಒಂದು ಬೈ ಹದಿನೇಳಕ್ಕೆ ನೀನು ಏಳು ಸ್ಥಾನದವರೆಗೆ ನೋಡಿ ಹೊಡೆದೆ, ಒಪ್ಪಿದೆ. ಆದರೆ ಐದು ಬೈ ಹದಿನೇಳಕ್ಕೆ ತಪ್ಪು ಮೂರನೆಯ ಸ್ಥಾನದಲ್ಲೇ ಇದೆ. ನಿನ್ನ ಕಣ್ಣೆದುರು ನಾಲ್ಕು ಇತ್ತು, ಕಿವಿಗೆ ಒಂದು ಬಿತ್ತು. ನೀನು ಗಂಟೆ ಹೊಡೆದೆ. ಗೊತ್ತಿತ್ತೋ, ಗೊತ್ತಿರಲಿಲ್ಲವೋ? ಬಿಸಿಲು, ರೊಟ್ಟಿ ಬೇಡ.

ಇನ್ನೊಂದು. ಇದೂ ನೀನೇ ಮಾಡಬೇಕಾದ ಲೆಕ್ಕ. ಇಷ್ಟು ವರ್ಷ ನಾನು ಹೇಳಿದ ಸರಿಗಳಲ್ಲಿ ಶೇಕಡಾ ಎಷ್ಟು ಸರಿ?

ಮೃತ್ಯುಂಜಯ


ರಾಯಚೂರು
21 ಅಕ್ಟೋಬರ್ 2001

ಮೃತ್ಯು,

ಗೊತ್ತಿತ್ತು.

ಹದಿನೇಳು ಬಿಟ್ಟು ಮಿಕ್ಕಿದ್ದೆಲ್ಲ ಸರಿ. ಇದು ನಿನ್ನ ಎರಡನೆಯ ಪ್ರಶ್ನೆಗೆ.

ಎಂಬತ್ತಾರರ ನಿಮ್ಮ ಬೀದಿಯ ಪೆಂಡಾಲು ನೆನಪು ಮಾಡಿಕೋ. ನಮ್ಮ ಮೊದಲನೆಯ ಶೋ. ಮುಂದಿನ ಸಾಲಿನಲ್ಲಿ ಜರಿ ಪೇಟದ ಒಬ್ಬ ಯಜಮಾನರು ಕೂತಿದ್ದರು. ಹಬ್ಬ ನೋಡಲು ಬಂದಿದ್ದಾರೆ ಅಂತ ನೀನು ತಿಳಿದಿದ್ದೆ. ಅವರು ನಿನ್ನನ್ನ ನೋಡಲು ಬಂದಿದ್ದಾರೆ ಅಂತ ನನಗೆ ನಿಮ್ಮ ಸೋದರಮಾವ ಕಿವಿಯಲ್ಲಿ ಹೇಳಿದ್ದರು. ಮುಂದೆ ನಿನಗೆ ಮಾವನಾದ ರುದ್ರಸ್ವಾಮಿಯವರು. ಎದ್ದು ನಿಂತು ಏನು ಕೇಳಿದರು? ‘ನಮ್ಮ ಮನೇಲಿ ಹದಿನೇಳು ಜನ. ಅದರಲ್ಲಿ ಐದು ಹೆಣ್ಣುಮಕ್ಕಳು. ಶೇಕಡಾ ಎಷ್ಟಪ್ಪಾ?’

ನೀನು ಹಾಡಿದೆ. ನಾನು ಮೆಷಿನ್ ನೋಡಿದೆ. ನಿನ್ನ ಮುಖ ನೋಡಿದೆ. ಯಜಮಾನರ ಪೇಟ ನೋಡಿದೆ. ಹೊಡೆದೆ. ಅವರು ಪಕ್ಕದವರಿಗೆ, ‘ಹುಡುಗ ಗಟ್ಟಿ ಅವ್ನೆ’ ಅಂದದ್ದು ಸ್ಟೇಜಿನ ತನಕ ಕೇಳಿಸಿತು. ಆ ಒಂದು ಗಂಟೆಗೆ ನಿನ್ನ ಮದುವೆಯಾಗಿದೆ ಕಣಯ್ಯ. ಜಗತ್ತಿನಲ್ಲಿ ಯಾವ ಗಂಟೆಯಿಂದ ಇಷ್ಟು ಕೆಲಸ ಆಗಿದೆ ಹೇಳು.

ಒಂದು ಸಲ ಹೊಡೆದ ಮೇಲೆ ಮುಂದಿನ ವರ್ಷ ಹೊಡೆಯದೆ ಇರೋದು ಹೇಗೆ? ಹೋದ ವರ್ಷ ಸರಿಯಾಗಿದ್ದ ಐದು ಬೈ ಹದಿನೇಳು ಈ ವರ್ಷ ಯಾಕೆ ತಪ್ಪಾಯ್ತು ಅಂತ ಕೇಳಿದರೆ ಇಬ್ಬರೂ ಮುಳುಗುತ್ತಿದ್ದೆವು.

ಅತ್ತಿಗೆಯವರೇ ಇದನ್ನ ಹಗುರವಾಗಿ ತಗೊಂಡಿದ್ದಾರೆ. ನೀನೇಕೆ ಇಷ್ಟು ಭಾರ ಮಾಡ್ಕೊಳ್ತೀಯ? ಅವತ್ತು ಅವರು ಹೆಂಗಸರ ಸಾಲಿನಲ್ಲಿದ್ದರಂತೆ. ಮನೆಗೆ ಹೋಗಿ ಭಾಗಿಸಿಯೂ ನೋಡಿದ್ದರಂತೆ. ಬಿಎಸ್ಸಿ ಮಾಡಿದವರಲ್ಲವೆ. ಮದುವೆಯಾದ ಮೇಲೆ ನಾನು ಮೊದಲ ಸಲ ನಿಮ್ಮ ಮನೆಗೆ ಊಟಕ್ಕೆ ಬಂದಾಗ ನೀನು ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದೆ. ಅನ್ನ ಬಡಿಸುತ್ತಾ, ‘ಆ ಗಂಟೆಗೆ ನಾನೂ ಋಣಿ’ ಅಂದು ನಕ್ಕರು. ನಿನಗೂ ಎಂದೋ ಹೇಳಿರುತ್ತಾರೆ, ನೀನು ಕೇಳಿಸಿಕೊಂಡಿರಲಿಕ್ಕಿಲ್ಲ ಅಂದುಕೊಂಡಿದ್ದೆ.

ದಸರಾಕ್ಕೆ ರಜೆ ಸಿಗಲಿಲ್ಲ. ಈ ವರ್ಷ ನಾವಿಬ್ಬರೂ ಕೂಡಿ ಮೆರವಣಿಗೆ ನೋಡೋದೂ ತಪ್ಪಿದ ಹಾಗೆ.

ನಿನ್ನ
ನಾಗೇಂದ್ರ


ಲಷ್ಕರ್ ಮೊಹಲ್ಲಾ
2 ಡಿಸೆಂಬರ್ 2001

ನಾಗೇಂದ್ರ,

ಅವಳು ಎಂದೂ ಹೇಳಿರಲಿಲ್ಲ.

ನಿನ್ನ ಕಾಗದ ಹಿಡಿದುಕೊಂಡು ಅಡಿಗೆಮನೆಗೆ ಹೋದೆ. ದಾಕ್ಷಾಯಣಿ ಅವರೆಕಾಯಿ ಸುಲಿಯುತ್ತಿದ್ದಳು.

‘ನಿನಗೂ ಗೊತ್ತಿತ್ತಾ?’
‘ಯಾವುದು?’
‘ಹದಿನೇಳು.’
‘ಓ, ಅದಾ.’ ಅವಳ ಕೈ ನಿಲ್ಲಲಿಲ್ಲ. ‘ನಮ್ಮಪ್ಪನ ಐದು ಹೆಣ್ಣುಮಕ್ಕಳಲ್ಲಿ ಕಾಲು ಪರ್ಸೆಂಟು ನುಂಗಿ ಹಾಕಿದ್ರಲ್ಲ, ಗೊತ್ತಾಗ್ದೆ ಏನು? ಮಿಕ್ಕ ನಾಲ್ಕು ಜನ ಪೂರ್ತಿ ಇದಾರೆ. ಕಮ್ಮಿ ಬಿದ್ದಿರೋಳು ನಾನೇ ಇರ್ಬೇಕು.’
‘ತಮಾಷೆ ಸಾಕು. ಹೇಳಬಹುದಿತ್ತಲ್ಲ?’
‘ಹೇಳಿದ್ರೆ ಮುಂದಿನ ವರ್ಷ ನೀವು ಸ್ಟೇಜ್ ಹತ್ತುತಾ ಇದ್ರಾ, ರೀ?’

ಉತ್ತರ ನನಗೂ ಗೊತ್ತು, ಅವಳಿಗೂ ಗೊತ್ತು. ಊಟದಲ್ಲಿ ಅವರೆಕಾಳಿನ ಹುಳಿ ಇತ್ತು. ನನಗೆ ಯಾವುದರ ರುಚಿಯೂ ಹತ್ತಲಿಲ್ಲ.

ನಿಮಗೆ ಇದು ತಮಾಷೆ. ನನಗೆ ಏನಾಗಿದೆ ಹೇಳಲೇ? ಹದಿನೇಳು ಬಿಟ್ಟು ಮಿಕ್ಕಿದ್ದೆಲ್ಲ ಸರಿ ಎಂದು ಬರೆದಿದ್ದೀಯ. ಹಾಗೆಂದು ಹೇಳುತ್ತಿರುವವನು ಯಾರು? ಗಂಟೆಯವನು. ಹೋದ ವಾರವೆಲ್ಲ ಕೂತು ಒಂಬತ್ತನ್ನು, ಹನ್ನೊಂದನ್ನು, ಹದಿಮೂರನ್ನು ಮೊದಲಿನಿಂದ ಭಾಗಿಸಿದೆ. ನಿನ್ನೆ ಮೂರು ಬೈ ಎಂಟನ್ನೂ ಭಾಗಿಸಿ ನೋಡಿದೆ. ಮೂರು ಬೈ ಎಂಟು, ನಾಗೇಂದ್ರ! ನಮ್ಮಜ್ಜಿ ಅಡಕೆ ಹೋಳು ಮಾಡುತ್ತಾ ಹೇಳುತ್ತಿದ್ದ ಲೆಕ್ಕ.

ಟ್ಯೂಷನ್ನಿಗೆ ಬಂದವರಿಗೆಲ್ಲ ಆ ರಾಗ ಕಲಿಸಿಬಿಟ್ಟಿದ್ದೇನೆ. ಗಾಂಧಿ ಚೌಕದಲ್ಲಿ ಸಿದ್ದರಾಜು ಸಿಕ್ಕಿದ್ದ, ನಮ್ಮ ಹಳೆಯ ವಿದ್ಯಾರ್ಥಿ. ಈಗ ಆಟೊ ಓಡಿಸುತ್ತಾನೆ. ನನ್ನನ್ನು ಕಂಡರೆ ಅವನಿಗೆ ಗುರುವಂದನೆ ಅಂದರೆ ಅದೇ ಹಾಡು: ‘ಎರಡು ಒಂಬತ್ತು ಒಂದು ನಾಲ್ಕು…’

‘ನಾಲ್ಕು ಮೊದಲು ಬರ್ಬೇಕು ಕಣೋ. ತಪ್ಪು ಹೇಳಿಕೊಟ್ಟಿದ್ದೆ,’ ಅಂದೆ.
‘ಬುಡಿ ಸಾ. ನೀವು ಏಳ್ಕೊಟ್ಟಿದ್ದೇ ಚೆಂದಾಗದೆ,’ ಅಂದು ಆಕ್ಸಿಲರೇಟರ್ ತಿರುವಿದ.

ಅವನೂ ನನ್ನ ಮೇಲೆ ಕರುಣೆ ತೋರಿಸಿದನೇ ಎಂದು ಆಟೊ ತಿರುವಿನಲ್ಲಿ ಮರೆಯಾಗುವ ತನಕ ನಿಂತು ನೋಡಿದೆ. ಈಗ ಯಾರು ‘ಸರಿ ಸಾರ್’ ಎಂದರೂ ನನಗೆ ಹಾಗೇ ಅನಿಸುತ್ತದೆ. ನೀನು ನನಗೆ ಮಾಡಿರುವುದು ಇದು. ಸುಳ್ಳು ಹೇಳಿದ್ದೀಯ ಎನ್ನುವುದಕ್ಕಿಂತ, ನನ್ನ ನಿಜಗಳನ್ನೂ ಕೆಡಿಸಿದ್ದೀಯ. ಶತ್ರುವಾಗಿದ್ದರೆ ಮೊದಲನೆಯ ದಿನವೇ ‘ತಪ್ಪು’ ಎಂದಿರುತ್ತಿದ್ದ, ಅವನಿಗೆ ಕೈಮುಗಿಯುತ್ತಿದ್ದೆ.

ಸದ್ಯಕ್ಕೆ ಕಾಗದ ಬರೆಯಬೇಡ.

ಮೃತ್ಯುಂಜಯ


ರಾಯಚೂರು
16 ಜನವರಿ 2002

ಮೃತ್ಯುಂಜಯ,

ಬರೆಯಬೇಡ ಅಂದಿದ್ದೀಯ. ಎಳ್ಳು-ಬೆಲ್ಲ ಕಳಿಸುವ ಲಕೋಟೆಯಲ್ಲಿ ಒಂದು ಹಾಳೆ ಜಾಸ್ತಿ ಬಂದಿದೆ ಅಂದುಕೋ.

ನಾನು ಹೇಳಿದ ಪೇಟದ ಕತೆ ನಿಜ. ಪೂರ್ತಿ ನಿಜ ಅಲ್ಲ. ಮದುವೆ ಅನ್ನೋದು ಅಂಶ, ಅದರ ಕೆಳಗೆ ಛೇದ ಒಂದಿದೆ. ಅದನ್ನ ನಾನು ಯಾವತ್ತೂ ಬರೆದಿಲ್ಲ.

ಅವತ್ತು ಸಾಯಂಕಾಲ ಪೆಂಡಾಲಿನವರು ನಿನ್ನನ್ನ ಪಕ್ಕಕ್ಕೆ ಕರೆದು ಮಾತಾಡಿದ್ದು ನನಗೆ ಕೇಳಿಸಿತ್ತು. ‘ಸಣ್ಣಮಾದಯ್ಯನ ಮಗ ಕೆಳಗೇ ಕೂತ್ಕೊಂಡು ಗಂಟೆ ಹೊಡೀಲಿ. ಗಣೇಶನ ಪಕ್ಕ ಸ್ಟೇಜ್ ಮೇಲೆ ಯಾಕೆ?’ ಅಂದರು, ನಮ್ಮಪ್ಪನ ಹೆಸರು ಹಿಡಿದು. ನೀನು, ‘ಅವನು ಕೂರ್ದಿದ್ರೆ ನಾನೂ ಕೂರಲ್ಲ’ ಅಂದೆ. ನನಗೆ ಆ ಮಾತು ಇವತ್ತಿಗೂ ಹೊಟ್ಟೆ ತುಂಬಿದ ಊಟದ ಹಾಗಿದೆ. ಅಷ್ಟು ಜಗ್ಗಾಡಿ ಕೊಡಿಸಿದ ಕುರ್ಚಿಯಲ್ಲಿ ಕೂತು, ಕೂತ ಕಾಲು ಗಂಟೆಯಲ್ಲೇ, ಆ ಮುಂದಿನ ಸಾಲಿನವರ ಎದುರಿಗೆ ನಾನು ‘ತಪ್ಪು’ ಅಂದಿದ್ದರೆ ಅವರು ಇಳಿಸುತ್ತಿದ್ದದ್ದು ನಿನ್ನನ್ನಲ್ಲ. ಮೆಷಿನ್ ತೋರಿಸಿದ್ದರೂ ಅಷ್ಟೇ.

ಇಷ್ಟಕ್ಕೆ ನಿಂತಿದ್ದರೆ ನಿನಗೆ ಹೇಳದೆ ಇದ್ದದ್ದು ನನ್ನ ತಪ್ಪು ಅಂತಲೇ ಒಪ್ಪುತ್ತಿದ್ದೆ. ಆದರೆ ಹೇಳಿದ್ದೆ. ಮರುವರ್ಷದ ಹಬ್ಬಕ್ಕೆ ಮುಂಚೆ, ಅಶೋಕ ರಸ್ತೆಯ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂತಾ. ‘ಹದಿನೇಳನ್ನ ಒಂದು ಸಲ ಕೈಯಲ್ಲಿ ಭಾಗಿಸಿ ನೋಡೋ, ನಾಲ್ಕು ಎಲ್ಲೋ ಜಾರಿದೆ’ ಅಂದೆ. ನೀನು ನಕ್ಕೆ. ನಮ್ಮ ಜೊತೆ ಕ್ಲಾಸ್‌ಮೇಟ್ ಚಂದ್ರಮೌಳಿಯೂ ಇದ್ದ. ಅವನ ಕಡೆ ತಿರುಗಿ, ‘ನೋಡೋ, ಗಂಟೆ ಮಾತಾಡ್ತಿದೆ!’ ಅಂದೆ. ಆಮೇಲೆ ನನಗೆ: ‘ಲೆಕ್ಕ ನನಗೆ ಬಿಡು ಕಣೋ. ನಿನ್ನ ಕೆಲಸ ಹೊಡೆಯೋದು.’

ಎಂಎಸ್ಸಿಯಲ್ಲಿ ನಿನಗಿಂತ ನನಗೆ ಶೇಕಡಾ ನಾಲ್ಕು ಜಾಸ್ತಿ ಬಂದಿತ್ತು, ನೆನಪಿದೆಯಾ? ಇರಲಿ. ಅವತ್ತಿನಿಂದ ನಾನು ನನ್ನ ಕೆಲಸ ಮಾಡಿದೆ. ಹೊಡೆದೆ. ಪ್ರತಿ ಹದಿನೇಳಕ್ಕೂ ಸ್ವಲ್ಪ ಜೋರಾಗೇ ಹೊಡೆದೆ. ಸ್ನೇಹಕ್ಕೆ ಹೊಡೆದದ್ದು ಎಷ್ಟು, ಸಿಟ್ಟಿಗೆ ಹೊಡೆದದ್ದು ಎಷ್ಟು ಅಂತ ನೀನು ಶೇಕಡಾ ಕೇಳಿದರೆ ನನ್ನ ಹತ್ತಿರ ಲೆಕ್ಕವಿಲ್ಲ. ಅದು ಎಷ್ಟು ಭಾಗಿಸಿದರೂ ಶೇಷ ಉಳಿಯುವ ಜಾತಿಯದು.

ಎಳ್ಳಿನಲ್ಲಿ ಕೊಬ್ಬರಿ ಕಡಿಮೆ ಇದೆ. ಇಲ್ಲಿ ಒಳ್ಳೆಯದು ಸಿಗಲಿಲ್ಲ.

ನಾಗೇಂದ್ರ


ಲಷ್ಕರ್ ಮೊಹಲ್ಲಾ, ಮೈಸೂರು
17 ಸೆಪ್ಟೆಂಬರ್ 2002

ನಾಗೇಂದ್ರ,

ನಿನ್ನ ಎಳ್ಳು-ಬೆಲ್ಲ ಆವತ್ತೇ ತಿಂದು ಮುಗಿಸಿದೆವು. ಕಾಗದಕ್ಕೆ ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು.

ಆ ಹೋಟೆಲಿನ ಮಾತು ನನಗೆ ನೆನಪಿಲ್ಲ. ದೋಸೆ ನೆನಪಿದೆ, ಚಂದ್ರಮೌಳಿ ಬಿಲ್ ಕೊಡದೆ ಜಾರಿಕೊಂಡದ್ದು ನೆನಪಿದೆ. ಆ ಮಾತಿಲ್ಲ. ನೀನು ಕತೆ ಕಟ್ಟಿದ್ದೀಯ ಎಂದು ಒಂದು ತಿಂಗಳು ನಂಬಿಕೊಂಡೆ. ಹಾಗೆ ನಂಬಿದಾಗ ಬಹಳ ಹಾಯಾಗಿತ್ತು. ಆಮೇಲೆ ಒಂದು ದಿನ ದಾಕ್ಷಾಯಣಿ ಏನೋ ಲೆಕ್ಕ ತಿದ್ದಲು ಬಂದಳು. ನನ್ನ ಬಾಯಲ್ಲಿ, ‘ಲೆಕ್ಕ ನನಗೆ ಬಿಡೇ’ ಎಂದು ಬಂತು. ಅದೇ ಅಕ್ಷರ, ಅದೇ ಏರಿಳಿತ. ಅಲ್ಲಿಗೆ ಹಾಯಾಗಿದ್ದುದು ಮುಗಿಯಿತು.

ಆದರೆ ಇದರಿಂದ ನಿನ್ನ ಮೇಲಿನ ಸಿಟ್ಟು ಹೋಗಿದೆ ಎಂದು ತಿಳಿಯಬೇಡ. ನಿನ್ನ ತಪ್ಪು, ನನ್ನ ತಪ್ಪು ಎಂಬ ಎರಡು ಭಿನ್ನಗಳಿಗೆ ಛೇದ ಒಂದೇ ಆದರೆ ಕೂಡಬಹುದು. ಒಂದಕ್ಕೊಂದು ಹೊಡೆದು ಸೊನ್ನೆ ಮಾಡಲು ಬರುವುದಿಲ್ಲ. ಒಂದು ಮಾತಿಗೆ ನೀನು ಹದಿನಾಲ್ಕು ಹಬ್ಬ ಸುಮ್ಮನೆ ಕೂತೆ. ಜೋರಾಗಿ ಬೈದಿದ್ದರೆ ಆಗುತ್ತಿತ್ತಲ್ಲೋ. ನನ್ನ ತಟ್ಟೆಯ ದೋಸೆ ಕಿತ್ತುಕೊಂಡು ಹೋಗಿದ್ದರೂ ಆಗುತ್ತಿತ್ತು.

ಶ್ರೀರಾಂಪುರದವರು ಈ ವರ್ಷವೂ ಕರೆದಿದ್ದರು. ಹೋದ ವರ್ಷ ಜನ ಚೆನ್ನಾಗಿ ನಕ್ಕಿದ್ದರು ಎಂಬ ಕಾರಣಕ್ಕೆ ಇರಬೇಕು. ದಾಕ್ಷಾಯಣಿ ಶಲ್ಯಕ್ಕೆ ಇಸ್ತ್ರಿ ಹಾಕಿಟ್ಟಳು, ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಹೋದೆ. ಪಕ್ಕದ ಕುರ್ಚಿಯಲ್ಲಿ ಅದೇ ಸುಷ್ಮಾ. ಕೃಷ್ಣಸ್ವಾಮಿಯವರು ಪಾಪ, ‘ಒಂದು ಬೈ ಎರಡು’ ಎಂದು ಶುರುಮಾಡಿದರು. ಕಾಫಿ ಕೇಳಿದ ಹಾಗೆ! ನಾನೇ ಮೈಕು ತೆಗೆದುಕೊಂಡು, ‘ಹೋದ ವರ್ಷದ್ದು ಕೇಳಿ’ ಎಂದೆ.

‘ಬ್ಯಾಡ ಬುಡಿ ಮೇಷ್ಟ್ರೆ.’
‘ಕೇಳಿ ಸ್ವಾಮಿ.’
‘ಸರಿ… ಐದು ಬೈ ಹದಿನೇಳು.’

ತೊಡೆ ತಟ್ಟಲಿಲ್ಲ, ಹಾಡಲಿಲ್ಲ. ಜನರ ಎದುರಿಗೆ, ಮೂರನೆಯ ಕ್ಲಾಸಿನ ಹುಡುಗನ ಹಾಗೆ, ಗಟ್ಟಿಯಾಗಿ ಶೇಷ ಹೇಳಿಕೊಂಡು ಒಂದೊಂದೇ ಸೊನ್ನೆ ಇಳಿಸಿದೆ. ಎರಡು. ಒಂಬತ್ತು. ನಾಲ್ಕು. ಒಂದು. ಒಂದು. ಏಳು. ಶೇಕಡಾ ಇಪ್ಪತ್ತೊಂಬತ್ತು ಬಿಂದು ನಾಲ್ಕು ಒಂದು. ತಾಳವಿಲ್ಲದೆ ಹೇಳಿದರೆ ‘ಒಂದು ಒಂದು’ ಎಲ್ಲೂ ಮುಗ್ಗರಿಸುವುದಿಲ್ಲ ನೋಡು.

ಸುಷ್ಮಾ ಗಂಟೆ ಹೊಡೆದಳು. ಜನ ಚಪ್ಪಾಳೆ ಹೊಡೆದರು. ನಾನು ಜೇಬಿನಿಂದ ಕ್ಯಾಲ್ಕ್ಯುಲೇಟರ್ ತೆಗೆದೆ.

ಹೌದು, ನಾನೇ. ಸಂಕ್ರಾಂತಿಯ ಮರುವಾರ ಕೊಂಡದ್ದು. ಜೀವನದಲ್ಲಿ ಅದನ್ನು ಮುಟ್ಟುವುದಿಲ್ಲ ಎನ್ನುತ್ತಿದ್ದವನು ಈಗ ಕನ್ನಡಕದ ಜೊತೆ ಇಟ್ಟುಕೊಂಡು ಓಡಾಡುತ್ತೇನೆ. ಐದು, ಭಾಗಿಸು, ಒಂದು, ಏಳು. ಸುಷ್ಮಾ ಮೆಲ್ಲಗೆ, ‘ನಾನು ನೋಡಿದೆನಲ್ಲ ಸರ್,’ ಎಂದಳು. ಅವಳ ಮುಖ ಸಣ್ಣದಾಯಿತು. ಅವಳದೇನು ತಪ್ಪು? ಆದರೂ ಪರದೆಯ ಮೇಲೆ ನಾಲ್ಕು ಕಾಣುವ ತನಕ ನನಗೆ ಆ ಚಪ್ಪಾಳೆ ಕೇಳಿಸಲಿಲ್ಲ. ಕಂಡಾಗ ಅದು ನಿಂತುಹೋಗಿತ್ತು.

ನಿನ್ನ ವರ್ಗಾವಣೆ ಮುಂದಿನ ಬೇಸಿಗೆಗೆ ಆಗಬಹುದು ಎಂದು ಚಂದ್ರಮೌಳಿ ಹೇಳಿದ. ಹಾಗಾದರೆ ಮುಂದಿನ ಹಬ್ಬಕ್ಕೆ ಬಾ. ಆ ಸಲ ಕುರ್ಚಿ ಬದಲಾಯಿಸೋಣ. ಲೆಕ್ಕ ನೀನು ಹೇಳು, ಹದಿನೇಳಾದರೂ ಸರಿ, ಹತ್ತೊಂಬತ್ತಾದರೂ ಸರಿ. ಮೈಕು ನಿನ್ನ ಮುಂದಿರುತ್ತದೆ, ನಾನು ಬಾಯಿ ಹಾಕುವುದಿಲ್ಲ. ಗಂಟೆ ನಾನು ಹಿಡಿಯುತ್ತೇನೆ.

ಈಗಲೇ ಹೇಳಿರುತ್ತೇನೆ. ತಪ್ಪಾದರೆ ಹೊಡೆಯುವುದಿಲ್ಲ.

ಇಂತಿ,
ಮೃತ್ಯುಂಜಯ